ಕಟ್ಟದ ಕಟ್ಟಡಕ್ಕೆ ನಾಲ್ಕು ಪುಟ ಯಾಕೆ?

ಅರಸೀಕೆರೆಯ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ. ಆರ್ಕಿಟೆಕ್ಚರ್ ಓದುತ್ತಿರುವ ಹುಡುಗಿಯೊಬ್ಬಳು ಹಳೇಬೀಡಿಗಾಗಿ ಕಲ್ಪಿಸಿದ ಮ್ಯೂಸಿಯಂನ ನಕ್ಷೆಗಳನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. 'ಯಾರೂ ಕಟ್ಟದ ಕಟ್ಟಡಕ್ಕೆ ನಾಲ್ಕು ಪುಟ ದಂಡ. ಅದರಲ್ಲಿ ಹೊಯ್ಸಳರದ್ದು ಅನ್ನುವಂಥದ್ದಾದರೂ ಏನಿದೆ? ಶಿಖರವಿಲ್ಲ, ಒಂದು ಮದನಿಕೆಯೂ ಇಲ್ಲ' ಎಂಬುದು ಅವರ ತಕರಾರು.

ನಮಸ್ಕಾರ. ಶಿಖರದಿಂದಲೇ ಶುರು ಮಾಡೋಣ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೇ ಇವತ್ತು ಶಿಖರವಿಲ್ಲ. ಬೇಲೂರಿನ ಚೆನ್ನಕೇಶವನ ಗರ್ಭಗುಡಿಯ ಮೇಲೂ ಇಲ್ಲ. ಅಲ್ಲಿ ದೂರದಿಂದಲೇ ಕಾಣುವ ಬಾಗಿಲ ಗೋಪುರ ವಿಜಯನಗರದ ಕಾಲದ್ದು. ಹೊಯ್ಸಳ ಶಿಖರ ನೋಡಲೇಬೇಕೆಂದರೆ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಗುಡಿಗೆ ಹೋಗಿ.

ಇನ್ನು ಮದನಿಕೆ, ಅಂದರೆ ಕಲ್ಲಿನಲ್ಲಿ ಕೆತ್ತಿದ ಸುಂದರಿಯರು. ಬೇಲೂರಿನಲ್ಲಿ ಅವರು ಸುಮ್ನೆ ಗೋಡೆಗೆ ಅಂಟಿಕೊಂಡಿಲ್ಲ. ಕಂಬದ ತಲೆಗೂ ಮುಂದೆ ಚಾಚಿದ ಸೂರಿಗೂ ನಡುವೆ ಓರೆಯಾಗಿ ನಿಂತಿದ್ದಾರೆ. ಸೂರು ಇದೆ, ಅದಕ್ಕೇ ಅವರಿದ್ದಾರೆ. ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಬರಬರುತ್ತಾ ಗಟ್ಟಿಯಾಗುತ್ತದೆ. ಅದೇ ಮದನಿಕೆಯನ್ನು ಸಿಮೆಂಟಿನಲ್ಲಿ ಎರಕ ಹೊಯ್ದು ಮದುವೆ ಹಾಲಿನ ಮುಂದೆ ನಿಲ್ಲಿಸುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಅದಕ್ಕಿಂತ ಖಾಲಿ ಗೋಡೆ ಎಷ್ಟೋ ವಾಸಿ.

ಆ ಹುಡುಗಿ ಹೊಯ್ಸಳರಿಂದ ತೆಗೆದುಕೊಂಡಿರುವುದು ಜಗತಿಯನ್ನು, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯನ್ನು. ಗುಡಿಯ ಗೋಡೆ ತಿರುಗಿದಲ್ಲೆಲ್ಲ ತಾನೂ ತಿರುಗುತ್ತಾ ಸುತ್ತುವ ಆ ಕಟ್ಟೆಯೇ ಹೊಯ್ಸಳರಲ್ಲಿ ಪ್ರದಕ್ಷಿಣೆಯ ದಾರಿ. ಗೋಡೆ ಓದುತ್ತಾ ಸುತ್ತಬೇಕು. ಅವಳ ಮ್ಯೂಸಿಯಂನಲ್ಲೂ ಮೊದಲು ಹೊರಗಿನ ಕಟ್ಟೆಯ ಮೇಲೆ ಒಂದು ಸುತ್ತು, ಆಮೇಲೆ ಒಳಗೆ. ಗೋಡೆ ಹಲವು ಕಡೆ ಮಡಚಿರುವುದು ನೆರಳಿಗೆ. ಹಾಗೆ ಮಡಚಿದ್ದರಿಂದ ನಕ್ಷೆ ನಕ್ಷತ್ರದಂತೆ ಕಾಣುತ್ತದೆ. ಬರೀ ನಕ್ಷತ್ರದ ಆಕಾರ ಬೇಕಿದ್ದರೆ ನಮ್ಮ ಹಾಸನ ಜಿಲ್ಲೆಯಲ್ಲೇ ಇನ್ನೊಂದಿದೆ. ಸಕಲೇಶಪುರದ ಮಂಜರಾಬಾದ್ ಕೋಟೆ, ಟಿಪ್ಪು ಕಟ್ಟಿಸಿದ್ದು, 1792ರದ್ದು. ಅಲ್ಲಿ ಮೂಲೆಗಳು ಚಾಚಿರುವುದು ಒಂದು ಮೂಲೆಯ ಬಂದೂಕಿಗೆ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣಲಿ ಅಂತ. ಎರಡೂ ನಕ್ಷತ್ರವೇ, ಕೆಲಸ ಮಾತ್ರ ಪೂರಾ ಬೇರೆ. ಯಾವ ಕೆಲಸಕ್ಕೆ ಆ ಆಕಾರ ಎಂದು ಕೇಳದೆ ನಕ್ಷತ್ರ ಬರೆದರೆ ಅದು ರಂಗೋಲಿ ಅಷ್ಟೇ.

ಅವಳು ಜಾಗ ಹುಡುಕಿದ ರೀತಿಯೂ ನನಗೆ ಹಿಡಿಸಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಕಾಗದದ ಮೇಲಿನ ಕನಸೇ ಆದರೂ ಈ ಗೆರೆಗಳನ್ನು ಅವಳು ದಾಟಿಲ್ಲ. ನಡುವಿನ ಅಂಗಳಕ್ಕೆ ಗಾಜು ಮುಚ್ಚಿರುವುದು ಮಾತ್ರ ನನಗೆ ಸರಿಬರಲಿಲ್ಲ. ನಮ್ಮ ತೊಟ್ಟಿ ಮನೆಗಳಲ್ಲಿ ಆ ಜಾಗ ಆಕಾಶಕ್ಕೆ ತೆರೆದೇ ಇರುತ್ತದೆ. ಗಾಜು ಹಾಕಿದರೆ ಏಪ್ರಿಲ್‌ನಲ್ಲಿ ಒಳಗಿರುವವರು ಬೇಯುತ್ತಾರೆ.

ಕಟ್ಟದ ಕಟ್ಟಡಕ್ಕೆ ಪುಟ ಯಾಕೆ ಅಂದಿರಿ. ಫ್ರಾನ್ಸಿನ ವಾಸ್ತುಶಿಲ್ಪಿ ಬೂಲೆ 1784ರಲ್ಲಿ ನ್ಯೂಟನ್ನನಿಗೆ ದೊಡ್ಡ ಗೋಳದಂಥ ಸ್ಮಾರಕ ಬರೆದ. ಯಾರೂ ಕಟ್ಟಲಿಲ್ಲ. ಇವತ್ತಿಗೂ ಆರ್ಕಿಟೆಕ್ಚರ್ ಓದುವವರು ಆ ಚಿತ್ರ ನೋಡುತ್ತಾರೆ. ಅಷ್ಟು ದೂರ ಬೇಡ, ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇನ್ನು ಸುತ್ತಮುತ್ತ ಏನಾದರೊಂದು ಕಟ್ಟಡ ಏಳುತ್ತಲೇ ಇರುತ್ತದೆ. ಟೆಂಡರ್ ಆದ ಮೇಲೆ ಜಗಳ ಆಡುವುದಕ್ಕಿಂತ ಈಗಲೇ, ಖರ್ಚಿಲ್ಲದೆ, ಕಾಗದದ ಮೇಲೆ ಆಡೋಣ.

ಮುಂದಿನ ತಿಂಗಳು ಮೂಡಿಗೆರೆ ಕಡೆಯ ಒಂದು ನಕ್ಷೆ ಹಾಕುತ್ತೇವೆ. ಕಾಫಿ ಒಣಗಿಸುವ ಕಣವನ್ನೇ ಬಯಲು ರಂಗಮಂದಿರ ಮಾಡುವ ಯೋಚನೆ. ಅರೇಬಿಕಾ, ರೊಬಸ್ಟಾ ಎರಡೂ ಮುಗಿಯುವಷ್ಟರಲ್ಲಿ ಮಾರ್ಚ್ ಆಗುತ್ತದೆ, ಜೂನ್‌ಗೆ ಮಳೆ ಹಿಡಿಯುತ್ತದೆ. ಮಧ್ಯದಲ್ಲಿ ನಾಟಕ ಆಡಿಸಲು ಎಷ್ಟು ದಿನ ಸಿಗುತ್ತದೆ? ತೋಟದವರು ಯಾರಾದರೂ ಲೆಕ್ಕ ಹಾಕಿ ಬರೆಯಿರಿ.

— ಸಂ.