ನಾಲ್ಕನೇ ಸೀಟು

ಆಪ್ತ ಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗೆಳೆಯನನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಇದೇ ಸಂಕಟ ಹೊತ್ತು ಬಂದವರನ್ನು ಮತ್ತೆ ಮತ್ತೆ ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಲವರು ಪಾಲುದಾರಿಕೆಯ ವ್ಯಾಪಾರದವರು, ಒಮ್ಮೆ ಒಂದು ನಾಟಕ ತಂಡದವರು. ಈ ಸಲ ದೋಣಿ.

ಅವರು ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿ ದಾಟಲು ನಾಲ್ವರ ತಂಡ ಕಟ್ಟುತ್ತಿದ್ದರು. ಕ್ಯಾನರಿ ದ್ವೀಪಗಳ ಲಾ ಗೊಮೆರಾದಿಂದ ಕೆರಿಬಿಯನ್ನಿನ ಆಂಟಿಗುವಾದವರೆಗೆ, ಸುಮಾರು 4,800 ಕಿಲೋಮೀಟರ್. ಮೂವರು ಸಿದ್ಧ. ನಾಲ್ಕನೆಯವನು ಅವರ ಇಪ್ಪತ್ತು ವರ್ಷದ ಗೆಳೆಯ, ದೋಣಿಗೆಂದು ಎಲ್ಲರಿಗಿಂತ ಮೊದಲು ಹಣ ಹಾಕಿದವನು. ಉಳಿದಿಬ್ಬರಿಗೆ ಅವನು ಬೇಡ.

"ಅವನಿಗೆ ಇದು ಆಗುತ್ತೋ ಇಲ್ವೋ ತಿಳಿಯೋಕೆ ಏನಾದ್ರೂ ಪರೀಕ್ಷೆ ಇದೆಯಾ ಮೇಡಂ?" ಎಂದು ಕೇಳಿದರು.

ಇಂಥ ಪ್ರಶ್ನೆ ಬಂದರೆ ನನಗೆ ಅನುಮಾನ. ಪರೀಕ್ಷೆ ಕೇಳುವವರು ಮನಸ್ಸಿನಲ್ಲಿ ತೀರ್ಪು ಬರೆದುಕೊಂಡೇ ಬಂದಿರುತ್ತಾರೆ, ಓದಿ ಹೇಳಲು ಒಂದು ಬಾಯಿ ಬೇಕಾಗಿರುತ್ತದೆ.

ಮೊದಲೆರಡು ಭೇಟಿ ಹಣ, ತರಬೇತಿ, ಪ್ರಾಯೋಜಕರ ಮಾತಿನಲ್ಲೇ ಕಳೆದವು. ಮೂರನೆಯದರಲ್ಲಿ ದೋಣಿಯ ದಿನಚರಿ ಹೇಳಿ ಎಂದೆ. ಇಬ್ಬರು ಎರಡು ಗಂಟೆ ಹುಟ್ಟು ಹಾಕಬೇಕು, ಆಮೇಲೆ ಎರಡು ಗಂಟೆ ವಿಶ್ರಾಂತಿ. ಹಗಲು ರಾತ್ರಿ ಇದೇ, ವಾರಗಟ್ಟಲೆ. ಒಬ್ಬರ ಹಿಂದೆ ಒಬ್ಬರು ಕೂರುವುದರಿಂದ ಹಿಂದಿನವರಿಗೆ ಕಾಣುವುದು ಜೊತೆಗಾರನ ಬೆನ್ನು ಮಾತ್ರ. ಇನ್ನೊಂದು ಜೋಡಿಯ ಮುಖ ಕಾಣುವುದು ಪಾಳಿ ಬದಲಾಗುವಾಗ. ಕೈ ತುಂಬ ಬೊಕ್ಕೆ, ಉಪ್ಪುನೀರಿಗೆ ಕೂತ ಜಾಗವೆಲ್ಲ ಹುಣ್ಣು, ಶೌಚಕ್ಕೆ ಬಕೆಟ್. ಎದುರುಗಾಳಿ ಜೋರಾದರೆ ಪ್ಯಾರಾಚೂಟಿನಂತೆ ನೀರಿನೊಳಗೆ ಅರಳುವ ಲಂಗರನ್ನು ಬಿಟ್ಟು, ಬಾಗಿಲು ಬಿಗಿದು, ನಾಲ್ವರೂ ಗೂಡಿನಂಥ ಕ್ಯಾಬಿನ್‌ಗಳಲ್ಲಿ ಮುದುಡಿಕೊಂಡಿರಬೇಕು. ಹಾಗೆ ದಿನಗಳೇ ಕಳೆಯಬಹುದು. ಮನಸ್ಸು ಬದಲಾಯಿತು, ಹಿಂತಿರುಗೋಣ ಎಂದರೆ ವಾಣಿಜ್ಯ ಮಾರುತ ಬಿಡುವುದಿಲ್ಲ, ಅದು ಪಶ್ಚಿಮಕ್ಕೇ ತಳ್ಳುತ್ತದೆ.

"ಸರಿ. ನಡುರಾತ್ರಿ ನಿಮ್ಮ ಪಾಳಿ ಮುಗಿದಿದೆ. ನಿಮ್ಮ ಗೆಳೆಯ ಕ್ಯಾಬಿನ್‌ನಿಂದ ಹೊರಗೆ ಬರೋದು ಐದು ನಿಮಿಷ ತಡ. ಏನು ಹೇಳ್ತೀರಿ?"

"ಏನೂ ಹೇಳಲ್ಲ. ಐದು ನಿಮಿಷ ತಾನೇ, ನಾನೇ ಹಾಕ್ತೀನಿ."

"ಮರುದಿನವೂ ತಡ ಆದ್ರೆ?"

"ಮರುದಿನವೂ ಹಾಕ್ತೀನಿ."

"ಹತ್ತನೇ ದಿನ?"

ಬಹಳ ಹೊತ್ತು ಸುಮ್ಮನಿದ್ದರು. "ಹತ್ತನೇ ದಿನ ಅವನ ಮುಖ ನೋಡಲ್ಲ."

"ಯಾಕೆ ಅಂತ ಅವರಿಗೆ ಗೊತ್ತಿರುತ್ತಾ?"

"ಗೊತ್ತಿರಬೇಕಲ್ವಾ?"

ಹೇಳಿದವರಿಗೇ ಆ ಮಾತು ಕೇಳಿಸಿತು. ಸ್ವಲ್ಪ ಸಿಟ್ಟೂ ಬಂತು. 1896ರಲ್ಲಿ ಹಾರ್ಬೊ ಮತ್ತು ಸ್ಯಾಮುಯೆಲ್ಸನ್ ಎಂಬಿಬ್ಬರು ಹದಿನೆಂಟು ಅಡಿಯ ತೆರೆದ ದೋಣಿಯಲ್ಲಿ ನ್ಯೂಯಾರ್ಕ್‌ನಿಂದ ಹೊರಟು, ಹುಟ್ಟು ಹಾಕುತ್ತಲೇ ಅಟ್ಲಾಂಟಿಕ್ ದಾಟಿ, 55 ದಿನಕ್ಕೆ ಇಂಗ್ಲೆಂಡಿನ ಸಿಲಿ ದ್ವೀಪಗಳನ್ನು ಮುಟ್ಟಿದರು, ಅವರೇನು ಸಲಹೆಗಾರರ ಹತ್ತಿರ ಹೋಗಿದ್ದರೇ ಎಂದರು. ಹೋಗಿರಲಿಲ್ಲ, ನಿಜ. ಆದರೆ ಅವರಿಬ್ಬರೂ ನ್ಯೂಜೆರ್ಸಿಯ ಕರಾವಳಿಯಲ್ಲಿ ಕಪ್ಪೆಚಿಪ್ಪು ಬಗೆದು ಬದುಕಿದವರು, ದೋಣಿಯ ದುಡಿಮೆಯಲ್ಲಿ ಒಬ್ಬರನ್ನೊಬ್ಬರು ಕಂಡವರು. ನೀವು ನಿಮ್ಮ ಗೆಳೆಯನ ಜೊತೆ ಇಪ್ಪತ್ತು ವರ್ಷ ಊಟ ಮಾಡಿದ್ದೀರಿ, ಕೆಲಸ ಮಾಡಿಲ್ಲ ಎಂದೆ.

ಆಮೇಲೆ ನೇರವಾಗಿಯೇ ಸಲಹೆ ಕೊಟ್ಟೆ. ಉಳಿದಿಬ್ಬರ ಅಳುಕನ್ನೂ ನಿಮ್ಮದನ್ನೂ ಗೆಳೆಯನಿಗೆ ಎದುರು ಕೂತು ಹೇಳಿ. ಯಾರಾದರೂ ಬಿಟ್ಟರೆ ಹಣ ಹೇಗೆ, ಯಾವಾಗ ವಾಪಸ್ ಎಂಬುದನ್ನು ಈಗಲೇ ಕಾಗದದ ಮೇಲೆ ಬರೆಯಿರಿ, ಸೀಟನ್ನು ದುಡ್ಡು ಹಿಡಿದುಕೊಂಡಿರಬಾರದು. ಆಮೇಲೆ ದಡದ ಹತ್ತಿರ, ರಕ್ಷಣಾ ದೋಣಿ ಜೊತೆಗಿಟ್ಟುಕೊಂಡು, ನಾಲ್ವರೂ 48 ಗಂಟೆ ಅದೇ ಪಾಳಿಯಲ್ಲಿ ಹುಟ್ಟು ಹಾಕಿ. ಪ್ರತಿ ಪಾಳಿ ಬದಲಾಗುವಾಗ ಒಂದು ದೂರು ಬಾಯಿಬಿಟ್ಟು ಹೇಳಬೇಕು. ಮೊದಲು ನೀವು.

ದಾರಿಯನ್ನು ಅವರೇ ಕಂಡುಕೊಳ್ಳಬೇಕಿತ್ತು, ನೀವು ಕೈಗೆ ಕೊಟ್ಟುಬಿಟ್ಟಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೇರೆ ಪ್ರಕರಣವಾಗಿದ್ದರೆ ನಾನೂ ಕಾಯುತ್ತಿದ್ದೆ. ಇಲ್ಲಿ ಹೊರಡುವ ದಿನ ನಿಗದಿಯಾಗಿತ್ತು, ಇನ್ನೂ ಮೂವರ ಜೀವ ಅದೇ ದೋಣಿಯಲ್ಲಿತ್ತು. ಗೆಳೆಯನನ್ನು ಬಿಡಿ ಎಂದು ಮಾತ್ರ ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆತನನ್ನು ನಾನು ನೋಡಿಯೇ ಇಲ್ಲ, ಒಬ್ಬರ ಬಾಯಿಂದ ಕೇಳಿದ್ದೇನೆ ಅಷ್ಟೆ. ರಟ್ಟೆಯ ಬಲವನ್ನು ವರ್ಷದೊಳಗೆ ಬೆಳೆಸಬಹುದು. ತಂಡ ಕಟ್ಟುವವರು ಅದನ್ನೇ ಅಳೆಯುತ್ತಾ ಕೂರುತ್ತಾರೆ. ನನಗೆ ಹೆಚ್ಚು ಭಯ, ಬೇರೆಯವರ ಐದು ನಿಮಿಷವನ್ನು ಸುಮ್ಮನೆ ಹೊತ್ತು ಲೆಕ್ಕ ಇಟ್ಟುಕೊಳ್ಳುವ ಒಳ್ಳೆಯವರದು.

ಆ 48 ಗಂಟೆಯ ಎರಡನೇ ರಾತ್ರಿ ಅವರು ಹೇಳಿದರಂತೆ, "ತಡ ಮಾಡಿದೆ ಕಣೋ." ಗೆಳೆಯ ನಕ್ಕನಂತೆ: "ಇಷ್ಟು ವರ್ಷದಲ್ಲಿ ನೀನು ನನಗೆ ಏನಾದ್ರೂ ಅಂದಿದ್ದು ಇದೇ ಮೊದಲು." ಹುಟ್ಟು ಹಾಕುವುದರಲ್ಲಿ ಅವನದೇನೂ ಕೊರತೆ ಇರಲಿಲ್ಲವಂತೆ, ಉಳಿದಿಬ್ಬರೂ ಒಪ್ಪಿದರು. ಆದರೂ ಒಂದು ತಿಂಗಳಿಗೆ ಅವನೇ ಹಿಂದೆ ಸರಿದ. ಕಾರಣ ಹೇಳಲಿಲ್ಲ.

ಇದು ನನ್ನನ್ನು ಕಾಡುತ್ತದೆ. ನಾನು ಆ ಪ್ರಶ್ನೆ ಕೇಳದಿದ್ದರೆ ನಾಲ್ವರೂ ಹೊರಡುತ್ತಿದ್ದರೇನೋ. ಹತ್ತನೇ ದಿನ ಏನಾಗುತ್ತಿತ್ತು ಎಂಬುದನ್ನು ಮಾತ್ರ ಅವರೇ ಹೇಳಿಯಾಗಿತ್ತು.

ಈಗ ನಾಲ್ಕನೇ ಸೀಟಿಗೆ ಬರುವವರಿಗೆಲ್ಲ ಅವರು ಅದೇ ನಡುರಾತ್ರಿಯ ಪ್ರಶ್ನೆ ಹಾಕುತ್ತಾರೆ. "ಕಾಲು ಹಿಡಿದು ಎಳೀತೀನಿ" ಎಂದ ಹೆಣ್ಣುಮಗಳೊಬ್ಬಳನ್ನು ಸೇರಿಸಿಕೊಂಡಿದ್ದಾರೆ. ಗೆಳೆಯನ ಹಣ ಬರೆದುಕೊಂಡಂತೆ ಕಂತಿನಲ್ಲಿ ಹೋಗುತ್ತಿದೆ. ಫೋನ್ ಮಾಡಿದರೆ ಎತ್ತುತ್ತಾನಂತೆ. ತಾನಾಗಿ ಮಾಡುವುದಿಲ್ಲವಂತೆ.