ಕೊಟ್ಟಿಗೆಯ ಅಟ್ಟದಲ್ಲಿ ಸೀಳಿದ ಕಾರ್ತೂಸು

ಪ್ರಶ್ನೆ: ತಂದೆಯವರ ಪರವಾನಗಿ ರೈಫಲ್ಲಿನ ಖಾಲಿ ಕಾರ್ತೂಸುಗಳನ್ನು ಚೀಲದಲ್ಲಿ ಕಟ್ಟಿ ದನದ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೆವು. ಎರಡು ಮಳೆಗಾಲದ ನಂತರ ತೆಗೆದರೆ ಹಲವಕ್ಕೆ ಕತ್ತಿನಲ್ಲಿ ಉದ್ದುದ್ದ ಸೀಳು ಬಿದ್ದಿದೆ. ಕಾಯಿಸಿದರೆ ಸರಿಹೋಗುತ್ತದೆ, ಮತ್ತೆ ಮದ್ದು ತುಂಬಬಹುದು ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ನಿಜವೇ? (ಶಹಾಪುರ ತಾಲ್ಲೂಕಿನ ಓದುಗರು)

ಉತ್ತರ: ನಿಜವಲ್ಲ. ಸೀಳಿದ ಹಿತ್ತಾಳೆ ಯಾವ ಬೆಂಕಿಗೂ ಕೂಡಿಕೊಳ್ಳುವುದಿಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಕಾರ್ತೂಸಿನ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಇರುತ್ತದೆ. ತಗಡನ್ನು ಹಂತಹಂತವಾಗಿ ಎಳೆದು ಕೊಳವೆ ಮಾಡುವಾಗಲೂ, ಗುಂಡು ಹಾರಿದಾಗ ಕತ್ತು ಹಿಗ್ಗುವಾಗಲೂ ಲೋಹ ಗಡುಸಾಗಿ, ಅದರೊಳಗೆ ಬಿಗಿತ ಉಳಿದುಕೊಳ್ಳುತ್ತದೆ. ಅಂಥ ಹಿತ್ತಾಳೆಗೆ ತೇವ ಮತ್ತು ಅಮೋನಿಯ ಒಟ್ಟಿಗೆ ತಗುಲಿದರೆ ಅದು ಇದ್ದಲ್ಲೇ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಕಾರ್ತೂಸುಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸುತ್ತಿದ್ದರು; ಅವೂ ಹೀಗೆಯೇ ಸೀಳುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯವೇ ಇದಕ್ಕೆ ಕಾರಣವೆಂಬ ವಿವರಣೆ 1921ರಲ್ಲಿ ದೊರೆಯಿತು. ನಿಮ್ಮ ಕೊಟ್ಟಿಗೆಯ ಅಟ್ಟ ಆ ಲಾಯಕ್ಕಿಂತ ಬೇರೆಯಲ್ಲ. ಸೀಳು ಕಾಣದ ಉಳಿದವುಗಳನ್ನೂ ನಾನು ನಂಬುವುದಿಲ್ಲ, ಏಕೆಂದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬರಿಗಣ್ಣಿಗೆ ಕಾಣುವುದೇ ಇಲ್ಲ.

ಕಾಯಿಸುವುದೆಂಬ ಮಾತು ಹುಟ್ಟಿರುವುದು ಅನೀಲಿಂಗ್‌ನಿಂದ. ಕಾನೂನು ಒಪ್ಪುವ ದೇಶಗಳಲ್ಲಿ ಖಾಲಿ ಕಾರ್ತೂಸನ್ನು ಮರುಬಳಕೆಗೆ ಅಣಿಗೊಳಿಸುವವರು ಕತ್ತು ಮತ್ತು ಹೆಗಲನ್ನು ಮಾತ್ರ ಕೆಲವೇ ಕ್ಷಣ ಕಾಯಿಸಿ ಮೆದುಗೊಳಿಸುತ್ತಾರೆ. ಅದು ಸೀಳು ಬೀಳದಂತೆ ಮೊದಲೇ ಮಾಡುವ ಉಪಾಯವೇ ಹೊರತು ಬಿದ್ದ ಸೀಳಿಗೆ ಮದ್ದಲ್ಲ. ಬುಡ ಗಡುಸಾಗಿಯೇ ಇರಬೇಕು. ಗುಂಡು ಹಾರುವಾಗ ರೈಫಲ್ಲಿನೊಳಗೆ ಒಂದು ಚದರ ಸೆಂಟಿಮೀಟರಿಗೆ 3,000 ಕಿಲೋಗ್ರಾಂ ಮೀರುವಷ್ಟು ಒತ್ತಡ ಏಳಬಹುದಾದ್ದರಿಂದ, ಇಡೀ ಕಾರ್ತೂಸನ್ನು ಒಲೆಯ ಮೇಲೋ ಓವನ್ನಿನೊಳಗೋ ಕಾಯಿಸಿ ಬುಡವನ್ನು ಮೆದು ಮಾಡಿದರೆ, ಅದು ಹರಿದು ಕಾದ ಅನಿಲ ಹಾರಿಸುವವನ ಮುಖದತ್ತ ನುಗ್ಗುತ್ತದೆ. ಹೀಗೆ ಕಾಯಿಸಲು ಹೇಳಿಕೊಡುವ ಸ್ವಯಂಘೋಷಿತ ಉಸ್ತಾದರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ.

ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೂ ಕಾರ್ತೂಸು ಮುಗಿಯಿತೆಂದೇ ತಿಳಿಯಬೇಕು. ಅಲ್ಲಿ ಒಳಗೋಡೆ ತೆಳುವಾಗಿರುತ್ತದೆ. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಎಳೆದರೆ ತಗ್ಗಿಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನ ಹೊಳಪು ಯಾವುದಕ್ಕೂ ಸಾಕ್ಷಿಯಲ್ಲ.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಮದ್ದು ತುಂಬುವ ಪರವಾನಗಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಮದ್ದುಗುಂಡೇ. ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ 45ನೇ ಕಲಂ ವಿನಾಯಿತಿ ಕೊಡುತ್ತದೆ. ಮತ್ತೆ ತುಂಬುವ ಉದ್ದೇಶದಿಂದ ಕೂಡಿಟ್ಟರೆ ಆ ವಿನಾಯಿತಿ ನಿಮಗೆ ಸಿಗದು. ಆದ್ದರಿಂದ ಮನೆಯಲ್ಲಿ ತುಂಬುವ ಯೋಚನೆಯನ್ನೇ ಬಿಡಿ.

ಪ್ರಶ್ನೆ: ನೆನಪಿಗಾಗಿ ಇಟ್ಟುಕೊಂಡ ಖಾಲಿ ಕಾರ್ತೂಸನ್ನು ಹುಣಸೆಹಣ್ಣಿನಿಂದ ತಿಕ್ಕಬಹುದೇ? (ಬೀದರ)

ಉತ್ತರ: ತಿಕ್ಕಬಹುದು, ಆದರೆ ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಬಾರದು, ಸತುವು ಕರಗಿ ತಾಮ್ರದ ಕೆಂಪು ಬಣ್ಣ ಮೇಲೆದ್ದರೆ ಲೋಹ ಟೊಳ್ಳಾಗುತ್ತಿದೆ ಎಂದರ್ಥ. ಅಮೋನಿಯ ಇರುವ ಪಾಲಿಶ್ ಬೇಡ. ಅಡುಗೆಮನೆಯ ಪಾತ್ರೆಯನ್ನಂತೂ ಬಳಸಲೇಬೇಡಿ: ಹಾರಿದ ಕಾರ್ತೂಸಿನ ಮಸಿಯಲ್ಲಿ ಸೀಸ ಇರುತ್ತದೆ, ಅದು ಮಕ್ಕಳಿಗೆ ವಿಷ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಪ್ರಶ್ನೆ: ಪಾತ್ರೆಯಂತೆ ಕಾರ್ತೂಸಿಗೂ ಕಲಾಯಿ ಹಾಕಿಸಿದರೆ ಬಾಳಿಕೆ ಬರುತ್ತದೆಯೇ? (ಆಳಂದ)

ಉತ್ತರ: ಇಲ್ಲ. ಕಲಾಯಿಗೆ ಬಳಸುವ ನವಸಾಗರ ಕಾದಾಗ ಬಿಡುವುದು ಇದೇ ಅಮೋನಿಯವನ್ನು.

ಪ್ರಶ್ನೆ: ಕ್ಲಬ್ಬಿನಲ್ಲಿ ಹಾರಿಸಿದ .22 ಕಾರ್ತೂಸನ್ನು ಮರುಬಳಸಬಹುದೇ? (ಕಲಬುರಗಿ)

ಉತ್ತರ: ಆಗದು. ಅದರ ಸಿಡಿಮದ್ದು ಅಂಚಿನ ಮಡಿಕೆಯೊಳಗೆ ಇರುತ್ತದೆ, ಹೊಡೆತಕ್ಕೆ ಆ ಅಂಚೇ ಜಜ್ಜಿಹೋಗಿರುತ್ತದೆ. ಎಣಿಸಿ ಕ್ಲಬ್ಬಿಗೇ ಹಿಂದಿರುಗಿಸಿ.