ಮಳೆ ಪುಸ್ತಕ ಬಿಟ್ಟು ಬರಲಾರದ ಹುಡುಗಿ, ಊರಲ್ಲಿ ನಿಲ್ಲಲಾರದ ಹುಡುಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ.)

ಆಕೆ ಮೂಡಿಗೆರೆ ಕಡೆಯವಳು. ಅಪ್ಪ ತೀರಿಕೊಂಡು ವರ್ಷ ದಾಟಿದೆ. ಬೆಳಗ್ಗೆ ತೋಟಕ್ಕೆ ಹೋದವರು ಅಲ್ಲೇ ಕುಸಿದಿದ್ದರು. ಮನೆಯಲ್ಲಿ ಈಗ ಅಮ್ಮ ಮತ್ತು ಆಕೆ, ನೋಡಿಕೊಳ್ಳಲು ಹತ್ತು ಎಕರೆ ಕಾಫಿ. ಆತ ಹಾಸನದವನು. ಹಿಮಾಲಯಕ್ಕೆ ಟ್ರೆಕ್ಕಿಂಗ್ ಗುಂಪು ಕರೆದೊಯ್ಯುವುದು ಕೆಲಸ. ಕೆಲಸ ಇಲ್ಲದಾಗಲೂ ಬೈಕ್ ಹತ್ತಿ ಎಲ್ಲಿಗಾದರೂ ಹೊರಟಿರುತ್ತಾನೆ. ನಾಲ್ಕು ವರ್ಷದ ಪ್ರೀತಿ. ಸಲಹೆ ಕೇಳಲು ಇಬ್ಬರೂ ನನ್ನ ಬಳಿ ಬಂದಿದ್ದರು; ಯಾರು ಬದಲಾಗಬೇಕು ಅಂತ ನಾನು ತೀರ್ಪು ಕೊಡಬೇಕಿತ್ತು.

"ಒಂದು ರಾತ್ರಿ ಕೂಡ ಮನೆ ಬಿಟ್ಟು ಬರಲ್ಲ ಮೇಡಂ. ಜಾಗ ಬದಲಾದ್ರೆ ಮನಸ್ಸು ಹಗುರ ಆಗುತ್ತೆ ಅಂತ ಲೇಹ್‌ಗೆ ಟಿಕೆಟ್ ಮಾಡಿದ್ದೆ. ಕ್ಯಾನ್ಸಲ್ ಮಾಡಿಸಿದಳು," ಎಂದ ಆತ. ಆಕೆ ಬೇರೆಯದನ್ನೇ ಹೇಳಿದಳು. ಆತ ಹಿಮಾಚಲದ ಸ್ಪಿತಿ ಕಣಿವೆಗೆ ಹೋದಾಗ ಮೂರು ದಿನ ಫೋನ್ ಸಿಕ್ಕಿರಲಿಲ್ಲ. "ನೆಟ್‌ವರ್ಕ್ ಇಲ್ಲ ಅಂತ ನನಗೂ ಗೊತ್ತು. ಆದ್ರೂ ಸುದ್ದಿ ಯಾರು ತರ್ತಾರೋ ಅಂತ ಗೇಟ್ ನೋಡ್ತಾ ಕೂತಿದ್ದೆ."

ಒಂದು ರಾತ್ರಿಯೂ ಯಾಕೆ ಆಗಲ್ಲ ಎಂದು ಕೇಳಿದೆ. ಅಮ್ಮ ಒಬ್ಬರೇ ಆಗ್ತಾರೆ ಎಂದಳು. ಆಮೇಲೆ ಆಳುಗಳ ಮಾತು ಬಂತು, ಆನೆ ಕಾಟದ ಮಾತು ಬಂತು. ಎಲ್ಲಾ ಆದ ಮೇಲೆ, ಸ್ವಲ್ಪ ನಾಚಿಕೆಯಿಂದಲೇ, ಮಳೆ ಪುಸ್ತಕ ಎಂದಳು.

ತೋಟದ ಮನೆಗಳನ್ನು ಬಲ್ಲವರಿಗೆ ಇದು ಗೊತ್ತು. ಅಂಗಳದ ಅಂಚಿನಲ್ಲಿ ಮಳೆ ಅಳೆಯುವ ಡಬ್ಬಿ ಇರುತ್ತದೆ. ದಿನಾ ಬೆಳಗ್ಗೆ ನೋಡಿ ಇಂಚು, ಸೆಂಟಿನ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. (ಮಿಲಿಮೀಟರ್ ಹೇಳಿದರೆ ನಮ್ಮ ಬೆಳೆಗಾರರು ತಲೆ ಎತ್ತುವುದಿಲ್ಲ.) ಕಾಫಿ ಹೂ ಅರಳಿಸುವ ಹೂಮಳೆ ಸುಮಾರು ಒಂದು ಇಂಚಾದರೂ ಬಿತ್ತಾ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ ಅನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಅಪ್ಪ ಮದುವೆಯಾದ ವರ್ಷದಿಂದ ಬರೆದಿದ್ದರಂತೆ. ಅಪ್ಪ ಹೋದ ಮರುದಿನವೇ, ಮನೆ ತುಂಬಾ ಜನ ಇರುವಾಗ, ಆಕೆ ಡಬ್ಬಿ ನೋಡಿ ಬಂದು ಬರೆದಿದ್ದಳು. ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಮಳೆಯಿಲ್ಲದ ದಿನ ಸೊನ್ನೆ.

ನನಗೆ ಅಲ್ಲಿ ಜಗಳದ ಬೇರು ಕಂಡಿತು. ಮನೆಯಲ್ಲಿರುವುದು ಆಕೆಗೆ ಮೊದಲಿಂದಲೂ ಇಷ್ಟ, ಅದು ಸ್ವಭಾವ. ಒಂದು ರಾತ್ರಿಯೂ ಬಿಡಲಾರದ್ದು ದುಃಖ. ಆತ ಎರಡನ್ನೂ ಒಂದೇ ಅಂದುಕೊಂಡು, ಪ್ರವಾಸದಿಂದ ವಾಸಿಮಾಡಲು ಹೊರಟಿದ್ದ.

ಇದಕ್ಕೆ ಮನೋವೈದ್ಯರು ಬೇಕಾ ಅಂತ ಮೊದಲು ನೋಡಿದೆ. ತೀರಾ ತೀವ್ರವಾದ ದುಃಖ 6 ತಿಂಗಳು ದಾಟಿಯೂ ಹಾಗೇ ಇದ್ದು, ದಿನದ ಬದುಕು ನಿಂತೇ ಹೋಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅದನ್ನು ಕಾಯಿಲೆ ಎಂದು ಗುರುತಿಸುತ್ತದೆ. ಈಕೆಗೆ ಊಟ, ನಿದ್ದೆ, ತೋಟ ಎಲ್ಲವೂ ನಡೆದಿತ್ತು. (ಬದುಕೇ ಬೇಡ ಅನ್ನಿಸುವವರು ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.) ದುಃಖದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಬರೆದ ಮಾತು ನನಗೆ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ: ದುಃಖದಲ್ಲಿರುವವರು ಹೋದವರ ಕಡೆಗೂ ಮುಂದಿನ ಬದುಕಿನ ಕಡೆಗೂ ಹೋಗಿ ಬಂದು ಮಾಡುತ್ತಿರುತ್ತಾರೆ, ಹಾಗೆ ಓಡಾಡುವುದೇ ಒಳ್ಳೆಯದು. ಈಕೆಯ ಓಡಾಟ ಒಂದೇ ಕಡೆ ನಿಂತಿತ್ತು.

ಹಾಗಾಗಿ ಪುಸ್ತಕ ಬಿಡು ಎನ್ನಲಿಲ್ಲ. ಒಂದು ದಿನ ಅಮ್ಮ ಬರೆಯಲಿ, ನೀನು ಹಾಸನದಲ್ಲಿ ಆತನ ಅಮ್ಮನ ಮನೆಯಲ್ಲಿ ಒಂದು ರಾತ್ರಿ ಇದ್ದು ಬಾ ಎಂದೆ. ಲೇಹ್ ಆಮೇಲೆ ನೋಡೋಣ. ಅಮ್ಮನನ್ನೂ ಒಮ್ಮೆ ಕರೆಸಿದೆ. "ನನಗ್ಯಾಕೆ ಕಾವಲು? ಇವರಪ್ಪ ಊರಿಗೆ ಹೋದಾಗೆಲ್ಲ ಮಳೆ ಬರೆದಿದ್ದು ಯಾರು ಅನ್ಕೊಂಡಿದ್ದಾಳೆ?" ಎಂದರು. ಮನೆಗೆ ಹೋಗಿ ಹಳೇ ಪುಟ ತಿರುವಿದರೆ ಅಪ್ಪನ ನೀಲಿ ಇಂಕಿನ ನಡುನಡುವೆ ಪೆನ್ಸಿಲ್ ಅಂಕಿಗಳು. ಆಕೆ ಅಷ್ಟು ದಿನ ಅದನ್ನು ಗಮನಿಸಿಯೇ ಇರಲಿಲ್ಲ.

ಆತನಿಗೆ ನಾನು ಸ್ವಲ್ಪ ಖಾರವಾಗಿಯೇ ಹೇಳಿದೆ. ಆಕೆಯ ಅಪ್ಪ ತೀರಿಕೊಂಡ ತಿಂಗಳಲ್ಲೇ ಆತ ಎರಡು ಬಾರಿ ಊರು ಬಿಟ್ಟಿದ್ದ. ಅಳುವವರ ಪಕ್ಕ ಸುಮ್ನೆ ಕೂರಲು ಬರದವರು ತುಂಬಾ ಜನ ಇದ್ದಾರೆ, ಬೈಕ್ ಇದ್ದವರು ಹೊರಟುಬಿಡುತ್ತಾರೆ ಅಷ್ಟೇ. ತಿರುಗಾಟ ನಿಲ್ಲಿಸಬೇಕಿಲ್ಲ. ಆದರೆ "ಫೋನ್ ಮಾಡ್ತೀನಿ" ಅನ್ನುವ ಮಾತು ಸಾಲದು. ಕೊನೆಯ ನೆಟ್‌ವರ್ಕ್ ಯಾವ ಊರಲ್ಲಿ, ಮತ್ತೆ ಸಿಗುವುದು ಯಾವ ದಿನ, ಯಾರಿಗೆ ಫೋನ್ ಮಾಡಿದರೆ ಗುಂಪಿನ ಸುದ್ದಿ ಗೊತ್ತಾಗುತ್ತದೆ — ಇಷ್ಟನ್ನು ಬರೆದುಕೊಟ್ಟು ಹೊರಡಬೇಕು. ಚಾರ್ಮಾಡಿ ಘಾಟಿ ಇಳಿಯುವಾಗಲೂ ಕೊಟ್ಟಿಗೆಹಾರದಿಂದ ಒಂದು ಮೆಸೇಜ್.

ಇಬ್ಬರ ವರ್ಷವನ್ನೂ ಒಂದೇ ಹಾಳೆಯಲ್ಲಿ ಬರೆಸಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು, ಹೂಮಳೆ. ಆಗ ಆಕೆ ಅಲುಗಾಡುವಂತಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಆತನ ಸೀಸನ್, ತೋಟದಲ್ಲಿ ತುಸು ಬಿಡುವು. ಮೇ-ಜೂನ್ ಮಾತ್ರ ಕಷ್ಟ. ಆಕೆಗೆ ತೋಟದಲ್ಲಿ ರೋಗ ತಡೆಯುವ ಬೋರ್ಡೋ ಔಷಧಿಯ ಸಿಂಪಡಣೆ, ಆತನಿಗೆ ಹಿಮಾಲಯದ ಬೇಸಿಗೆ ಟ್ರೆಕ್. ಅದರ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ.

ಹಾಸನದ ಒಂದು ರಾತ್ರಿ ಆಯಿತು. ಬೆಳಗ್ಗೆ ಏಳುವ ಮುಂಚೆಯೇ ಅಮ್ಮನಿಗೆ ಫೋನ್ ಮಾಡಿ ಎಷ್ಟು ಸೆಂಟು ಎಂದು ಕೇಳಿದಳಂತೆ. ಕೇಳಲಿ ಬಿಡಿ.

ಮದುವೆ ದಿನ ಗೊತ್ತುಮಾಡಿಲ್ಲ. ವರ್ಷದೊಳಗೇ ಮುಗಿಸಿ ಎಂದು ಒತ್ತಾಯಿಸಿದ್ದ ನೆಂಟರು ಈಗ ಇನ್ನೇನು ತಡ ಎನ್ನುತ್ತಿದ್ದಾರೆ. ಕೊಯ್ಲು ಮುಗಿಯುವವರೆಗೆ ಮಾತೇ ಬೇಡ ಎಂದಿದ್ದೇನೆ. ಈ ಸಲದ ಕೊಯ್ಲಿಗೆ ಆತ ಒಂದು ತಿಂಗಳು ಅಲ್ಲೇ ಇರುತ್ತಾನೆ. ಊರವರ ಬಾಯಿಗೆ ಹೆದರಿ ಅಮ್ಮ ಚಿಕ್ಕಪ್ಪನ ಮನೆಯಲ್ಲಿ ವ್ಯವಸ್ಥೆ ಮಾಡಿದ್ದಾರೆ. ಅಷ್ಟು ದಿನ ಆತ ಒಂದೇ ಕಡೆ ಇರುತ್ತಾನಾ ಅನ್ನುವುದು ನನಗೂ ಅನುಮಾನವೇ. ಆಗದಿದ್ದರೆ ಮದುವೆಗೆ ಮುಂಚೆಯೇ ಗೊತ್ತಾಗಲಿ ಎಂದು ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದೇನೆ.